ಬೂಸಾ ತಿಂದ ಕುದುರೆ, ಗಟ್ಟಿಯಾದ ನೆಲ

ಮೈಸೂರು ಸೀಮೆಯಲ್ಲಿ ಕುದುರೆಗೂ ಹುರುಳಿಗೂ ಹಳೆಯ ನಂಟು. ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಒದಗಿಸುತ್ತಿದ್ದ ಕುಣಿಗಲ್ ಫಾರಂ ಮುಂದೆ ರೇಸ್ ಕುದುರೆಗಳ ತವರಾಯಿತು. 1891ರಲ್ಲಿ ಮೈಸೂರು ರೇಸ್ ಕ್ಲಬ್ ಹುಟ್ಟಿತು. ಬೇಯಿಸಿದ ಹುರುಳಿಗೆ ಗೋಧಿ ಬೂಸಾ ಕಲಸಿ ಇಡುವುದು ಲಾಯದವರ ಹಳೆಯ ರೂಢಿ. ಬೇಯಿಸುತ್ತಿದ್ದುದಕ್ಕೆ ಅರ್ಥವಿದೆ. ಹಸಿ ಹುರುಳಿಯಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದ್ದು, ಬೆಂದರೆ ಅದು ತಗ್ಗುತ್ತದೆ.

ತೊಂದರೆ ಇದ್ದದ್ದು ಬೂಸಾದಲ್ಲಿ. ಅದರಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು ಹೆಚ್ಚು. ಮೇವಿನಲ್ಲಿ ಈ ಎರಡರ ಸಮತೋಲ ತಪ್ಪಿದರೆ ದೇಹವು ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಯುರೋಪಿನ ಹಿಟ್ಟಿನ ಗಿರಣಿಗಳಲ್ಲಿ ಬೂಸಾ ತಿಂದೇ ಬದುಕಿದ ಕುದುರೆಗಳ ಮುಖದ ಮೂಳೆ ಉಬ್ಬುತ್ತಿತ್ತು. ಆ ಕಾಯಿಲೆಗೆ ಗಿರಣಿಯವರ ಹೆಸರೇ ಅಂಟಿಕೊಂಡಿತು. ಈಗ ಲಾಯದ ಬುಟ್ಟಿಯಲ್ಲಿ ಓಟ್ಸ್ ಮುಂದಿದೆ, ಜೊತೆಗೆ ಕ್ಯಾಲ್ಸಿಯಂ ತುಂಬಿದ ಕುದುರೆ ಮೆಂತೆ. ಅದೂ ಒಮ್ಮೆಲೇ ಸುರಿಯುವಂತಿಲ್ಲ. ಅಷ್ಟು ದೊಡ್ಡ ಪ್ರಾಣಿಯ ಜಠರ ಹಿಡಿಯುವುದು 15 ಲೀಟರಿಗೂ ಕಡಿಮೆ, ವಾಂತಿ ಮಾಡಲೂ ಬಾರದು. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ.

ಮೂಳೆಯ ಗಟ್ಟಿತನ ಗೊತ್ತಾಗುವುದು ಟ್ರ್ಯಾಕಿನಲ್ಲಿ. ಪೂರಾ ವೇಗದಲ್ಲಿ ಓಡುವಾಗ ಒಂದೇ ಮುಂಗಾಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ; 450 ಕೆ.ಜಿ. ಕುದುರೆಗೆ ಅದು ಒಂದು ಟನ್ ದಾಟುತ್ತದೆ. ನೆಲ ಗಟ್ಟಿಯಾದರೆ ಏಟು ಮೂಳೆಗೆ, ಕೆಸರಾದರೆ ಎಳೆತ ಸ್ನಾಯುರಜ್ಜುವಿಗೆ.

ನೆಲದ ಗುಣವನ್ನು ಹಿಂದೆ ಹಿಮ್ಮಡಿಯಿಂದ ಒತ್ತಿ ಅಂದಾಜು ಮಾಡುತ್ತಿದ್ದರು. ಆಮೇಲೆ ಬಂದದ್ದು ಪೆನೆಟ್ರೋಮೀಟರ್: ಒಂದು ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಸಲಾಕೆಯ ಮೇಲೆ ಬೀಳಿಸಿ, ಅದು ಎಷ್ಟು ಸೆಂಟಿಮೀಟರ್ ಒಳಗಿಳಿಯಿತೆಂದು ನೋಡುವುದು. ಅಂಕೆ ದೊಡ್ಡದಾದಷ್ಟೂ ನೆಲ ಮೆತ್ತಗೆ. ನೆಲ ಅಳೆಯುವ ಬ್ರಿಟನ್ನಿನ ಸಾಧನ ಗೋಯಿಂಗ್‌ಸ್ಟಿಕ್‌ನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿನ ಪಟ್ಟಿ ನೋಡಿ ಇಲ್ಲಿ ಹಣ ಕಟ್ಟುವವರು ಜೋಪಾನ!

ನಮ್ಮ ಕಡೆ ಈ ಅಂಕೆ ಮಳೆಯ ಕೈಯಲ್ಲಿದೆ. ಬೆಂಗಳೂರು ಡರ್ಬಿ ಬರುವುದು ಜುಲೈನಲ್ಲಿ, ಮೈಸೂರು ಡರ್ಬಿ ಅಕ್ಟೋಬರಿನಲ್ಲಿ. ಬೆಳಿಗ್ಗೆ ಅಳೆದ ನೆಲ ಮಧ್ಯಾಹ್ನದ ಒಂದು ಜೋರು ಮಳೆಗೆ ಬೇರೆಯಾಗುತ್ತದೆ. ಚಳಿಗಾಲದ ಸೀಸನ್ನಿನಲ್ಲಿ ತಲೆನೋವು ಉಲ್ಟಾ: ಮಣ್ಣು ಬಿಗಿಯದಂತೆ ಹುಲ್ಲಿಗೆ ನೀರುಣಿಸುತ್ತಲೇ ಇರಬೇಕು.