ಉಳಿಸಬೇಕಾದ ಮದ್ದು

ನಮ್ಮ ಮನೆಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದಿತ್ತು. ಅದರಲ್ಲಿ ಬಿಸ್ಕತ್ತನ್ನು ನಾನು ಕಂಡುದಿಲ್ಲ, ಮದ್ದನ್ನು ಕಂಡಿದ್ದೇನೆ. ಯಾರಿಗೋ ಯಾವಾಗಲೋ ಬಂದ ಜ್ವರಕ್ಕೆ ತಂದು, ಜ್ವರ ಇಳಿದೊಡನೆ ನಿಲ್ಲಿಸಿ, "ದುಡ್ಡು ಕೊಟ್ಟು ತಂದದ್ದು, ಎಸೆಯುವುದೇಕೆ?" ಎಂದು ಎತ್ತಿಟ್ಟ ಮಾತ್ರೆಗಳು. ಹಿಂಬದಿಯಲ್ಲಿ ಕೆಂಪು ಗೀಟಿದ್ದ ಪಟ್ಟಿಗಳೂ ಅವುಗಳಲ್ಲಿ ಸೇರಿದ್ದವು. ಮಗನಿಗೆ ಗಂಟಲು ಕೆರೆದರೆ ಅದರಿಂದ ಎರಡು, ಪಕ್ಕದ ಮನೆಯವರಿಗೆ ಮೈ ಬಿಸಿಯಾದರೆ ಅದರಿಂದ ಮೂರು. ಹಂಚಿ ತಿನ್ನುವುದು ನಮ್ಮ ಸಂಸ್ಕೃತಿಯಷ್ಟೆ! ಈ ದಾನದಲ್ಲಿ ದೋಷವಿರಬಹುದೆಂಬುದು, ನಲವತ್ತು ದಾಟಿದ, ತರಗತಿಯಲ್ಲಿ ನಿತ್ಯವೂ ವಿವೇಕವನ್ನು ಬೋಧಿಸುವ ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಕಳೆದ ಮಳೆಗಾಲದಲ್ಲಿ. ನಿವೃತ್ತ ಮುಖ್ಯೋಪಾಧ್ಯಾಯರಾದ ನಮ್ಮ ತಂದೆಯವರಿಗೆ ಚಳಿಜ್ವರ ಬಂದಿತು. ಡಬ್ಬಿಯ ಮಾತ್ರೆಗಳನ್ನೇ ಎರಡು ದಿನ ಕೊಟ್ಟೆವು. ಮೂರನೆಯ ದಿನ ಅವರು ನನ್ನ ಹೆಸರನ್ನು ಮರೆತರು. ಆಸ್ಪತ್ರೆಗೆ ಸೇರಿಸಿದಾಗ ಮೂತ್ರದ ಸೋಂಕು ರಕ್ತಕ್ಕೆ ಏರಿದೆಯೆಂದು ತಿಳಿಯಿತು. ಆ ಬ್ಯಾಕ್ಟೀರಿಯವನ್ನು ಬೆಳೆಸಿ, ಅದು ಯಾವ ಮದ್ದಿಗೆ ಮಣಿಯುವುದೆಂದು ಪರೀಕ್ಷಿಸಿದ ವರದಿ ಕೈಗೆ ಬಂದಿತು. ಎಡಗಡೆ ಹದಿನಾರು ಮದ್ದುಗಳ ಹೆಸರು. ಬಲಗಡೆ ಒಂದೊಂದೇ ಅಕ್ಷರ. 'ಎಸ್' ಎಂದರೆ ಮಣಿಯುತ್ತದೆ, 'ಆರ್' ಎಂದರೆ ಮಣಿಯುವುದಿಲ್ಲ. ಹದಿಮೂರು ಹೆಸರುಗಳ ಎದುರು 'ಆರ್' ಎಂದಿತ್ತು. ಕಾವ್ಯಗಳ ಪಾಠಾಂತರಗಳನ್ನು ತಾಳ್ಮೆಯಿಂದ ನೋಡಿದವನು ನಾನು; ಆದರೆ ಇಷ್ಟು ಭಯದಿಂದ ಯಾವ ಪುಟವನ್ನೂ ಓದಿರಲಿಲ್ಲ. ನಮ್ಮ ಡಬ್ಬಿಯ ಮದ್ದೂ ಆ ಹದಿಮೂರರಲ್ಲಿ ಒಂದು. ಉಳಿದ ಮೂರರಲ್ಲಿ ಅಮಿಕಾಸಿನ್ ಎಂಬುದನ್ನು ಆರಿಸಿದ ವೈದ್ಯರು, "ಮೇಷ್ಟ್ರೇ, ಇದು ಕಿಡ್ನಿಗೆ ಪೆಟ್ಟು ಕೊಡಬಲ್ಲ ಮದ್ದು. ಮೇಲಿಂದ ಮೇಲೆ ರಕ್ತ ಪರೀಕ್ಷಿಸುತ್ತ ಎಚ್ಚರದಿಂದ ಕೊಡಬೇಕು" ಎಂದರು.

ಆ ರಾತ್ರಿಗಳಲ್ಲಿ ಹಾಸಿಗೆಯ ಪಕ್ಕದಲ್ಲಿ ಕುಳಿತು ನಾನು ಈ ಮದ್ದುಗಳ ಚರಿತ್ರೆಯನ್ನು ಓದಿದೆ. ಕನ್ನಡದಲ್ಲಿ ಇವನ್ನು ಪ್ರತಿಜೈವಿಕ ಎಂದೂ ಪ್ರತಿಜೀವಕ ಎಂದೂ ಬರೆಯುವುದುಂಟು. ಜನರ ಬಾಯಲ್ಲಿ ಮಾತ್ರ ಅವು ಆ್ಯಂಟಿಬಯೋಟಿಕ್‌ಗಳೇ.

1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬ್ಯಾಕ್ಟೀರಿಯ ಬೆಳೆಸಿದ್ದ ತಟ್ಟೆಯೊಂದಕ್ಕೆ ಬೂಷ್ಟು ಹಿಡಿದು, ಅದರ ಸುತ್ತಲಿನ ಬ್ಯಾಕ್ಟೀರಿಯಗಳು ಕರಗಿದುದನ್ನು ಕಂಡ ಕಥೆ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ. ಅದನ್ನು ಮದ್ದಾಗಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಮೊದಲಾದವರು. 1940ರ ಮೇ ತಿಂಗಳಲ್ಲಿ ಅವರು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಾಗ ಆ ನಾಲ್ಕು ಬದುಕಿದ್ದವು. ಉಳಿದ ನಾಲ್ಕು ಸತ್ತಿದ್ದವು. 1941ರ ಫೆಬ್ರವರಿಯಲ್ಲಿ, ಸೋಂಕಿನಿಂದ ಸಾಯುತ್ತಿದ್ದ ಆಕ್ಸ್‌ಫರ್ಡಿನ ಪೊಲೀಸನೊಬ್ಬನಿಗೆ ಅದನ್ನು ಕೊಡಲಾಯಿತು. ಆತ ಚೇತರಿಸಿಕೊಳ್ಳತೊಡಗಿದ. ಆದರೆ ಇದ್ದ ಮದ್ದೆಲ್ಲ ಕೆಲವೇ ದಿನಗಳಲ್ಲಿ ತೀರಿತು. ಅವನ ಮೂತ್ರದಲ್ಲಿ ಹೊರಬಿದ್ದ ಪೆನಿಸಿಲಿನ್ನನ್ನೇ ಬೇರ್ಪಡಿಸಿ ಮತ್ತೆ ಅವನಿಗೆ ಕೊಟ್ಟರು. ಅದೂ ಸಾಲದೆ ಮಾರ್ಚಿಯಲ್ಲಿ ಆತ ತೀರಿಕೊಂಡ.

ಈ ಕಥೆಯನ್ನು ಓದಿ ನಾನು ಪುಸ್ತಕವನ್ನು ಮಡಿಚಿಟ್ಟೆ. ಒಂದು ಕಾಲದಲ್ಲಿ ಮೂತ್ರದಿಂದ ಹೆಕ್ಕಿ ತೆಗೆದ ಮದ್ದು, ಇನ್ನೊಂದು ಕಾಲದಲ್ಲಿ ನೆಗಡಿಗೆ ನುಂಗುವ ಮದ್ದು! ಅಂದು ಮದ್ದು ಕೊರತೆಯಾಗಿ ರೋಗಿ ಸತ್ತ. ಇಂದು ಮದ್ದು ಧಾರಾಳವಾಗಿ ಬಳಕೆಯಾಗಿ, ಅದರ ಶಕ್ತಿಗೇ ಕೊರತೆ ಬಂದಿದೆ.

ಇದು ಯಾರಿಗೂ ತಿಳಿಯದೆ ಬಂದ ಕೇಡಲ್ಲ. 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ, ಅರೆಬರೆ ಪ್ರಮಾಣದಲ್ಲಿ ಪೆನಿಸಿಲಿನ್ ತೆಗೆದುಕೊಂಡರೆ ರೋಗಾಣುಗಳು ಅದಕ್ಕೆ ಜಗ್ಗದಂತಾಗುವುವೆಂದು ಫ್ಲೆಮಿಂಗ್ ಎಚ್ಚರಿಸಿದ್ದರು. ಅದಕ್ಕೂ ಮುಂಚೆ, 1940ರಲ್ಲಿಯೇ, ಪೆನಿಸಿಲಿನ್ನನ್ನು ಮುರಿಯಬಲ್ಲ ಕಿಣ್ವವೊಂದು ಬ್ಯಾಕ್ಟೀರಿಯದಲ್ಲಿ ಇರುವುದನ್ನು ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೈನ್ ಪ್ರಕಟಿಸಿದ್ದರು. ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಲ್ಲಿ ಹುಟ್ಟಿನಿಂದಲೇ ತುಸು ಬೇರೆಯಾದವು ಕೆಲವಿರುತ್ತವೆ. ಮದ್ದು ತನಗೆ ಮಣಿಯುವವನ್ನು ಕೊಂದು, ಮಣಿಯದವಕ್ಕೆ ಜಾಗವನ್ನು ತೆರವು ಮಾಡಿಕೊಡುತ್ತದೆ. ಕರುಳಿನಲ್ಲಿರುವ ನಿರುಪದ್ರವಿ ಜೀವಾಣುಗಳೂ ಆ ಹೊಡೆತಕ್ಕೆ ಸಿಕ್ಕುತ್ತವೆ. ಕಾರಣವಿಲ್ಲದೆ ಮದ್ದು ನುಂಗುವುದೆಂದರೆ ಪೈರನ್ನು ಕಿತ್ತು ಕಳೆಯನ್ನು ಬೆಳೆಸಿದಂತೆ. ಇಷ್ಟೇ ಅಲ್ಲ, ಈ ಜೀವಾಣುಗಳು ಮದ್ದನ್ನು ಎದುರಿಸುವ ಗುಣವನ್ನು ನೆರೆಯ ಜೀವಾಣುಗಳಿಗೂ ದಾಟಿಸಬಲ್ಲವು. ಹಂಚಿ ತಿನ್ನುವ ಸಂಸ್ಕೃತಿ ಅವಕ್ಕೂ ಉಂಟು! 2019ರ ಒಂದೇ ವರ್ಷದಲ್ಲಿ ಮದ್ದಿಗೆ ಮಣಿಯದ ಬ್ಯಾಕ್ಟೀರಿಯಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರು ಸತ್ತರೆಂದು 2022ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ.

ಹಾಗಾದರೆ ಹೊಸ ಮದ್ದನ್ನು ಕಂಡುಹಿಡಿಯಬಾರದೇಕೆ ಎಂದು ಓದುಗರು ಕೇಳಬಹುದು. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ, ಮಣ್ಣಿನ ಜೀವಾಣುವಿನಿಂದ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಕ್ಷಯಕ್ಕೆ ಅದು ಸಂಜೀವಿನಿಯೆನಿಸಿತು. ತಂದೆಯವರಿಗೆ ಕೊಟ್ಟ ಅಮಿಕಾಸಿನ್ ಅದೇ ಕುಲದ್ದು. ಮುಂದೆ ಎರಡು ದಶಕಗಳ ಕಾಲ ದೇಶದೇಶಗಳ ಮಣ್ಣನ್ನು ಜಾಲಾಡಿ ಒಂದರ ಮೇಲೊಂದು ಮದ್ದನ್ನು ತೆಗೆದರು. ಆಮೇಲೆ ಅಗೆದಲ್ಲೆಲ್ಲ ಮೊದಲು ಸಿಕ್ಕಿದವೇ ಮತ್ತೆ ಸಿಕ್ಕತೊಡಗಿದವು. ನಮ್ಮನ್ನು ಹೆಚ್ಚು ಕಾಡುವ ಕೆಲವು ಬ್ಯಾಕ್ಟೀರಿಯಗಳಿಗೆ ಎರಡು ಸುತ್ತಿನ ಕೋಟೆಯಿದೆ. ಒಳಹೊಕ್ಕ ಮದ್ದನ್ನು ಹೊರಗೆ ನೂಕುವ ಪಂಪುಗಳೂ ಇವೆ. ಆ ಕೋಟೆಯನ್ನು ಮುರಿಯಬೇಕು, ಮನುಷ್ಯನ ಜೀವಕೋಶಕ್ಕೆ ಮಾತ್ರ ನೋವಾಗಬಾರದು. ಇದು ಸುಲಭವಲ್ಲ.

ವಿಜ್ಞಾನ ಗೆದ್ದರೂ ವ್ಯಾಪಾರ ಸೋಲುವುದುಂಟು. ಅಮೆರಿಕದ ಅಕೇಯೊಜೆನ್ ಎಂಬ ಸಂಸ್ಥೆಯು ಹಳೆಯ ಮದ್ದುಗಳನ್ನು ಕೆಡಿಸುವ ಬ್ಯಾಕ್ಟೀರಿಯಗಳನ್ನು ಎದುರಿಸಲೆಂದು ಅಮಿಕಾಸಿನ್ ಕುಲದಲ್ಲಿಯೇ ಪ್ಲಾಜೊಮೈಸಿನ್ ಎಂಬುದನ್ನು ರೂಪಿಸಿತು. 2018ರ ಜೂನ್ ತಿಂಗಳಲ್ಲಿ, ಮೂತ್ರದ ಕಠಿಣ ಸೋಂಕುಗಳ ಚಿಕಿತ್ಸೆಗೆ ಅದಕ್ಕೆ ಸರ್ಕಾರದ ಒಪ್ಪಿಗೆ ದೊರೆಯಿತು. 2019ರ ಏಪ್ರಿಲ್ ತಿಂಗಳಲ್ಲಿ ಸಂಸ್ಥೆ ದಿವಾಳಿಯೆದ್ದಿತು! ಕಾರಣ ವಿಚಿತ್ರವಾದರೂ ಸರಳ. ಮಧುಮೇಹದ ಮಾತ್ರೆಯನ್ನು ಜೀವನಪೂರ್ತಿ ಕೊಳ್ಳುತ್ತಾರೆ. ಹೊಸ ಆ್ಯಂಟಿಬಯೋಟಿಕ್ಕನ್ನೋ, ಬೇರೆ ಯಾವುದೂ ನಾಟದಿದ್ದಾಗ ಮಾತ್ರ, ಕೆಲವೇ ದಿನ ಕೊಡಬೇಕು. ಎಷ್ಟು ಕಡಿಮೆ ಬಳಸಿದರೆ ಅಷ್ಟು ಕಾಲ ಉಳಿಯುವ ವಸ್ತುವನ್ನು, ಎಷ್ಟು ಹೆಚ್ಚು ಮಾರಿದರೆ ಅಷ್ಟು ಲಾಭವೆನ್ನುವ ಸಂತೆಯಲ್ಲಿಟ್ಟರೆ ಏನಾದೀತು? ಇಂಥ ಮದ್ದಿಗೆ, ಎಷ್ಟು ಮಾರಾಟವಾಯಿತೆಂದು ನೋಡದೆ, ಅದು ಇರುವುದಕ್ಕಾಗಿಯೇ ಸಮಾಜವು ಬೆಲೆ ಕೊಡಬೇಕೆಂಬ ವಾದ ನನಗೆ ಸರಿಯೆಂದು ತೋರುತ್ತದೆ. ಬೆಂಕಿ ಬೀಳದ ವರ್ಷ ಅಗ್ನಿಶಾಮಕ ದಳದವರಿಗೆ ಸಂಬಳವಿಲ್ಲವೆನ್ನುತ್ತೇವೆಯೆ?

ಆದರೂ ನಿರಾಶೆಗೆ ಕಾರಣವಿಲ್ಲ. ಮದ್ದನ್ನು ಮುರಿಯುವ ಕಿಣ್ವಕ್ಕೆ ತಡೆಯೊಡ್ಡಿ, ಜೊತೆಯ ಮದ್ದನ್ನು ಗುರಾಣಿಯಂತೆ ಕಾಯುವ ಎನ್‌ಮೆಟಜೊಬ್ಯಾಕ್ಟಮ್ ಎಂಬುದು ಚೆನ್ನೈಯ ಆರ್ಕಿಡ್ ಸಂಸ್ಥೆಯಲ್ಲಿ ಹುಟ್ಟಿ, 2024ರಲ್ಲಿ ಅಮೆರಿಕದ ಒಪ್ಪಿಗೆಯನ್ನು ಪಡೆಯಿತು. ನಮ್ಮ ನೆರೆಯ ನಗರದಿಂದ ಬಂದ ಈ ಗುರಾಣಿಯೂ ಎಷ್ಟು ಕಾಲ ತಾಳುವುದೆಂಬುದು ನಮ್ಮ ಮಿತವನ್ನು ಅವಲಂಬಿಸಿದೆ.

ಆ ಮಿತಕ್ಕೆ ದಾರಿಗಳಿಲ್ಲದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಈ ಮದ್ದುಗಳನ್ನು, ಸಾಮಾನ್ಯ ಸೋಂಕುಗಳಿಗೆ ಮೊದಲು ಕೊಡಬೇಕಾದವು, ಎಚ್ಚರದಿಂದ ಕೊಡಬೇಕಾದವು, ಕೊನೆಗೆಂದು ಕಾದಿರಿಸಬೇಕಾದವು ಎಂದು ಮೂರಾಗಿ ವಿಂಗಡಿಸಿತು. ನಮ್ಮ ದೇಶದಲ್ಲಿ 2014ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯ ಪ್ರಕಾರ ಹಲವು ಆ್ಯಂಟಿಬಯೋಟಿಕ್‌ಗಳನ್ನು ಮಾರುವ ಅಂಗಡಿಯವರು ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಕೆಂಪು ಗೀಟಿನ ಅರ್ಥವೂ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದೇ. ನೆಗಡಿ, ಫ್ಲೂ ಮುಂತಾದ ವೈರಸ್ಸಿನ ಕಾಯಿಲೆಗಳಿಗೆ ಇವು ನಾಟುವುದಿಲ್ಲ. ಎಷ್ಟು ದಿನ ತೆಗೆದುಕೊಳ್ಳಬೇಕೆಂಬುದನ್ನು ನಿರ್ಣಯಿಸಬೇಕಾದವರು ವೈದ್ಯರು; ಹಲವು ಸೋಂಕುಗಳಿಗೆ ಹಿಂದೆ ಕೊಡುತ್ತಿದ್ದುದಕ್ಕಿಂತ ಕಡಿಮೆ ದಿನಗಳೇ ಸಾಕೆಂದು ಈಚಿನ ಅಧ್ಯಯನಗಳು ತೋರಿಸಿವೆ.

ಆದರೆ ತಪ್ಪನ್ನೆಲ್ಲ ವೈದ್ಯರ ಮೇಲೆ ಹೊರಿಸುವುದು ನ್ಯಾಯವಲ್ಲ. "ವಿಶ್ರಾಂತಿ ತೆಗೆದುಕೊಳ್ಳಿ, ತಾನಾಗಿ ವಾಸಿಯಾಗುತ್ತದೆ" ಎನ್ನುವ ವೈದ್ಯರನ್ನು ಬಿಟ್ಟು, ಮೂರು ಬಗೆಯ ಮಾತ್ರೆ ಬರೆದುಕೊಡುವವರನ್ನು ಹುಡುಕಿಕೊಂಡು ಹೋದವರು ನಾವೇ ಅಲ್ಲವೆ? ಬೇರೆ ಮದ್ದನ್ನು ನಾನು ನುಂಗಿದರೆ ಅದರ ಫಲ ನನಗೆ. ಈ ಮದ್ದನ್ನು ನಾನು ವೃಥಾ ನುಂಗಿದರೆ ಅದರ ನಷ್ಟ ಊರಿಗೆ. ಇದು ಕೆರೆಯ ನೀರಿದ್ದಂತೆ; ಒಬ್ಬನ ಸ್ವತ್ತಲ್ಲ.

ತಂದೆಯವರು ಹನ್ನೊಂದು ದಿನಗಳ ಮೇಲೆ ಮನೆಗೆ ಬಂದರು. ನನ್ನ ಹೆಸರು ಅವರಿಗೆ ಮತ್ತೆ ನೆನಪಾಗಿತ್ತು. ಡಬ್ಬಿಯ ಮದ್ದನ್ನು ಚರಂಡಿಗೆ ಸುರಿಯುವುದೂ ತಪ್ಪೆಂದು ತಿಳಿದು, ಆಸ್ಪತ್ರೆಯ ತ್ಯಾಜ್ಯದೊಡನೆ ಸುಡಲೆಂದು ಅಲ್ಲಿಗೇ ಒಪ್ಪಿಸಿದೆ.

ಮೊನ್ನೆ ಪಕ್ಕದ ಮನೆಯಾಕೆ ಬಂದು, "ಮಗುವಿಗೆ ಜ್ವರ, ನಿಮ್ಮ ಡಬ್ಬಿಯಲ್ಲಿ ಏನಾದರೂ ಇದೆಯೆ?" ಎಂದು ಕೇಳಿದರು. ಇಲ್ಲವೆಂದು, ವೈದ್ಯರಿಗೆ ತೋರಿಸಬೇಕೆಂದು ಹೇಳಿದೆ. ಆಕೆಗೆ ಮುನಿಸು ಬಂದಂತೆ ತೋರಿತು. ಮರುದಿನ ವೈದ್ಯರು ಮಗುವನ್ನು ನೋಡಿ, ಇದು ನೆಗಡಿಯ ಜ್ವರ, ಆ್ಯಂಟಿಬಯೋಟಿಕ್ ಬೇಡ ಎಂದರಂತೆ. ನಿನ್ನೆ ಸಂಜೆ ಆ ಮಗು ನಮ್ಮ ಜಗಲಿಯ ಮೇಲೆ ಆಡುತ್ತಿತ್ತು. ತಂದೆಯವರು ಡಬ್ಬಿಯನ್ನು ತೆರೆದು ಅದರ ಕೈಗೆ ಎರಡು ಬಿಸ್ಕತ್ತು ಕೊಟ್ಟರು.