ಗರಿ ಉದುರಿಸುವ ಮೂರು ವಾರ

ವರ್ಷಕ್ಕೊಮ್ಮೆ ಆಫ್ರಿಕನ್ ಪೆಂಗ್ವಿನ್ ಕಡಲಿಗಿಳಿಯುವುದನ್ನೇ ಬಿಟ್ಟು ದಡದಲ್ಲಿ ಸುಮ್ಮನೆ ನಿಂತುಬಿಡುತ್ತದೆ. ಹಳೆಯ ಗರಿಗಳೆಲ್ಲ ಹರಿದ ಹಾಸಿಗೆಯ ಹತ್ತಿಯಂತೆ ಎದ್ದು ಉದುರುತ್ತವೆ, ಕೆಳಗಿನಿಂದ ಹೊಸವು ಮೂಡುತ್ತಿರುತ್ತವೆ. ಕಾಗೆ, ಗಿಳಿಗಳು ಕೆಲವೇ ಗರಿಗಳನ್ನು ಸರದಿಯಂತೆ ಬದಲಿಸಿಕೊಂಡು ಹಾರುತ್ತಲೇ ಇರಬಲ್ಲವು. ಪೆಂಗ್ವಿನ್‌ಗೆ ಆ ಅನುಕೂಲವಿಲ್ಲ. ಒಂದರ ಮೇಲೊಂದು ಒತ್ತಿ ಕೂತ ಗಿಡ್ಡ ಗರಿಗಳೇ ಅದರ ಚರ್ಮಕ್ಕೆ ತಣ್ಣೀರು ತಾಗದಂತೆ ತಡೆಯುವುದು. ಹೊದಿಕೆ ಹರಿದಿರುವಾಗ ಕಡಲಿಗಿಳಿದರೆ ಚಳಿಗೇ ಸಾಯಬೇಕು. ಹಾಗಾಗಿ ಎಲ್ಲವನ್ನೂ ಒಮ್ಮೆಲೇ ಉದುರಿಸಿ, ಸುಮಾರು ಮೂರು ವಾರ ಉಪವಾಸ ಕೂರುತ್ತದೆ. ಮೂರು ಕಿಲೋ ಆಸುಪಾಸಿನ ಈ ಹಕ್ಕಿ ಅಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಕಳೆದುಕೊಳ್ಳುತ್ತದೆ. ಅದಕ್ಕೆ ಮುಂಚೆ ಮೀನು ತಿಂದು ಕೊಬ್ಬು ಕೂಡಿಸಿಕೊಂಡಿರಬೇಕು, ಉಪವಾಸ ಮುಗಿದ ಕೂಡಲೇ ಮತ್ತೆ ಮೀನು ಸಿಗಬೇಕು. ಇದರ ಅಳಿವು ಉಳಿವಿನ ಲೆಕ್ಕ ನಿಂತಿರುವುದು ಇಲ್ಲೇ.

ಹಿಮಕ್ಕೂ ಈ ಪೆಂಗ್ವಿನ್‌ಗೂ ಸಂಬಂಧವಿಲ್ಲ. ನಮೀಬಿಯಾದಿಂದ ದಕ್ಷಿಣ ಆಫ್ರಿಕಾದ ಅಲ್ಗೋವಾ ಕೊಲ್ಲಿಯವರೆಗಿನ ಕರಾವಳಿ ಮತ್ತು ದ್ವೀಪಗಳು ಇದರ ನೆಲೆ. ನೀರು ತಣ್ಣಗೆ, ನೆಲ ಬಿಸಿ. ಸೆಕೆಯಾದಾಗ ಕಣ್ಣಿನ ಮೇಲಿನ ಗುಲಾಬಿ ಚರ್ಮಕ್ಕೆ ಹೆಚ್ಚು ರಕ್ತ ಹರಿದು ಮೈಕಾವು ಹೊರಹೋಗುತ್ತದೆ.

ಗೂಡಿನ ತಂಪಿಗೆ ಅದು ಹಿಕ್ಕೆಯನ್ನೇ ನೆಚ್ಚಿಕೊಂಡಿತ್ತು. ಶತಮಾನಗಳಿಂದ ಗಟ್ಟಿಕಟ್ಟಿದ ಹಿಕ್ಕೆಯ ಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತಿತ್ತು. 1840ರ ದಶಕದಲ್ಲಿ ಯುರೋಪಿನ ಹೊಲಗಳಿಗೆ ಇದು ಗೊಬ್ಬರವೆಂದು ಗೊತ್ತಾಗಿ, ನಮೀಬಿಯಾದ ಪುಟ್ಟ ಇಚಾಬೋ ದ್ವೀಪಕ್ಕೆ ನೂರಾರು ಹಡಗುಗಳು ಮುತ್ತಿದವು. ಬೇರೆ ದ್ವೀಪಗಳಲ್ಲೂ ಹಿಕ್ಕೆ ಕೆರೆದು ಬಂಡೆ ಬರಿದಾಯಿತು. ಬಯಲಲ್ಲಿಟ್ಟ ಮೊಟ್ಟೆಗೆ ಮೇಲೆ ಬಿಸಿಲು, ಪಕ್ಕದಲ್ಲಿ ಕಡಲಕಾಗೆಯ ಕಾಟ. ಸಾಲದ್ದಕ್ಕೆ 1960ರ ದಶಕದವರೆಗೂ ಮನುಷ್ಯರು ಮೊಟ್ಟೆ ಆರಿಸಿ ಮಾರಿದರು.

2000ದ ಜೂನ್‌ನಲ್ಲಿ ‘ಟ್ರೆಷರ್’ ಎಂಬ ಅದಿರಿನ ಹಡಗು ಈ ಹಕ್ಕಿಯ ನೆಲೆಗಳಾದ ದಕ್ಷಿಣ ಆಫ್ರಿಕಾದ ರಾಬೆನ್ ಮತ್ತು ಡಾಸೆನ್ ದ್ವೀಪಗಳ ನಡುವೆ ಮುಳುಗಿ ತೈಲ ಚೆಲ್ಲಿತು. ಎಣ್ಣೆ ಮೆತ್ತಿದ ಗರಿಗಳು ಒಂದಕ್ಕೊಂದು ಅಂಟಿ, ನಡುವಿನ ಗಾಳಿ ಹೋಗಿ, ತಣ್ಣೀರು ನೇರ ಮೈಗೇ ತಾಗುತ್ತದೆ. ಸ್ವಯಂಸೇವಕರು ಸುಮಾರು 19,000 ಹಕ್ಕಿಗಳನ್ನು ಒಂದೊಂದಾಗಿ ತೊಳೆದರು. ಎಣ್ಣೆ ತಾಗದ 19,500ರಷ್ಟನ್ನು ದೂರದ ಪೋರ್ಟ್ ಎಲಿಜಬೆತ್ ಬಳಿ ಒಯ್ದು ಕಡಲಿಗೆ ಬಿಟ್ಟರು. ಅವು ಈಜಿ ಊರು ಸೇರುವಷ್ಟರಲ್ಲಿ ನೀರು ಶುಚಿಯಾಗಲಿ ಎಂಬುದು ಉಪಾಯ. ಪೀಟರ್, ಪರ್ಸಿ, ಪಮೆಲಾ ಎಂಬ ಮೂರರ ಬೆನ್ನಿಗೆ ಟ್ರಾನ್ಸ್‌ಮಿಟರ್ ಅಂಟಿಸಿ ಅವುಗಳ ದಾರಿಯನ್ನು ಉಪಗ್ರಹದ ಮೂಲಕ ನೋಡುತ್ತಿದ್ದರು. ಉಪಾಯ ಫಲಿಸಿತು.

ತೊಳೆದು ಉಳಿಸಿದ ಹಕ್ಕಿಗೂ ಊಟ ಬೇಕಲ್ಲ! ಇದರ ಊಟ ಸಾರ್ಡೀನ್ ಮತ್ತು ಆಂಚವಿ, ಅಂದರೆ ನಮ್ಮ ಕರಾವಳಿಯ ಭೂತಾಯಿ, ಕೊಲ್ಲತರುಗಳ ನೆಂಟರು. ಈ ಶತಮಾನದ ಮೊದಲ ದಶಕದಲ್ಲೇ ಸಾರ್ಡೀನ್ ಕುಸಿಯಿತು, ಇದ್ದ ಮೀನೂ ಪೂರ್ವಕ್ಕೆ ಸರಿಯಿತು. ಪಶ್ಚಿಮದಲ್ಲಿ ಬಲೆಗಳು ಮಾತ್ರ ಬೀಳುತ್ತಲೇ ಇದ್ದವು. ಗೂಡಲ್ಲಿ ಮರಿ ಬಿಟ್ಟುಬಂದ ಪೆಂಗ್ವಿನ್ ಮೀನಿನ ಬೆನ್ನುಹತ್ತಿ ಬಹಳ ದೂರ ಹೋಗಲಾರದು. ಕೊಬ್ಬಿಲ್ಲದೆ ಗರಿ ಉದುರಿಸಹೊರಟ ಹಕ್ಕಿ ಬದುಕುವುದೂ ಕಷ್ಟ. ಒಂದು ಕಾಲಕ್ಕೆ ಹತ್ತು ಲಕ್ಷ ಮೀರಿದ್ದವು ಈಗ ಹತ್ತು ಸಾವಿರ ಜೋಡಿಗೂ ಕಡಿಮೆ. 2024ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ತೀವ್ರ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು.

ಹೊಸ ನೆಲೆ ಒದಗಿಸುವುದಕ್ಕೆ ದಾರಿಗಳಿವೆ. ದಕ್ಷಿಣ ಆಫ್ರಿಕಾದ ಡಿ ಹೂಪ್ ಅಭಯಾರಣ್ಯದಲ್ಲಿ ಪೆಂಗ್ವಿನ್ ಬೊಂಬೆ ನಿಲ್ಲಿಸಿ, ಧ್ವನಿಮುದ್ರಿಸಿದ ಕೂಗು ಕೇಳಿಸಿ ಹಕ್ಕಿಗಳನ್ನು ಕರೆದರು. 2022ರಲ್ಲಿ ಅಲ್ಲಿ ಮರಿಗಳಾದವು. ಮೀನಿನ ವಿಷಯ ಮಾತ್ರ ಕೋರ್ಟಿನವರೆಗೆ ಹೋಯಿತು. ಪಕ್ಷಿ ಸಂರಕ್ಷಕರೂ ಮೀನುಗಾರಿಕೆ ಉದ್ಯಮದವರೂ ಕೊನೆಗೆ ಒಪ್ಪಂದಕ್ಕೆ ಬಂದು, 2025ರ ಮಾರ್ಚ್‌ನಲ್ಲಿ ಪ್ರಿಟೋರಿಯಾದ ಹೈಕೋರ್ಟು ಅದನ್ನೇ ಆದೇಶವಾಗಿಸಿತು. ಆರು ಮುಖ್ಯ ನೆಲೆಗಳ ಸುತ್ತ ಸಾರ್ಡೀನ್, ಆಂಚವಿಯ ವಾಣಿಜ್ಯ ಮೀನುಗಾರಿಕೆಗೆ ಈಗ ನಿಷೇಧಿತ ವಲಯಗಳಿವೆ. ವರ್ಷಕ್ಕೆ ಇಷ್ಟು ಟನ್ ಎಂದು ಮಿತಿ ಹಾಕಿದರೆ ಸಾಲದು, ಎಲ್ಲಿ ಹಿಡಿಯುತ್ತೇವೆ ಎಂಬುದೂ ಲೆಕ್ಕಕ್ಕೆ ಬರಬೇಕು. ಇಡೀ ಕಡಲಲ್ಲಿ ಮೀನಿದ್ದೂ ಗೂಡಿನ ಹತ್ತಿರ ಇಲ್ಲವೆಂದರೆ ಪೆಂಗ್ವಿನ್ ಪಾಲಿಗೆ ಅದು ಇಲ್ಲದ್ದೇ.