ಒಂದು ಸ್ಟಾರ್‌ ನೋಡಿ ಬೆಚ್ಚಬೇಡಿ!
ಕಡಬದ ತೆಂಗಿನ ತೋಟಕ್ಕೆ ಆನ್‌ಲೈನ್‌ನಲ್ಲಿ ಮೋಟರ್ ಹುಡುಕ್ತಿದ್ದೀರಾ? ನೂರು ಜನ ಹೊಗಳಿದ್ರೂ, 'ವೇಸ್ಟು, ತಗೋಬೇಡಿ' ಅನ್ನೋ ಒಂದೇ ರಿವ್ಯೂ ತಲೇಲಿ ಕೂರುತ್ತೆ.

ಒಳ್ಳೇದಕ್ಕಿಂತ ಕೆಟ್ಟದ್ದೇ ಮನಸ್ಸಿಗೆ ಜಾಸ್ತಿ ನಾಟುತ್ತೆ ಅಂತ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲೇ ಬರೆದಿದ್ರು.

ಹಾಗಾದ್ರೆ ಓದೋದು ಹೇಗೆ?

ಒಂದು: ದೂರು ಯಾವುದರ ಮೇಲೆ? ಕೊರಿಯರ್ ಲೇಟಾದ್ರೆ ಅದು ಮೋಟರ್ ತಪ್ಪಲ್ಲ.

ಎರಡು: 'ವೋಲ್ಟೇಜ್ ಇಳಿದಾಗ ಸುಟ್ಟೋಯ್ತು' ಅಂತ ನಾಲ್ಕಾರು ಜನ ಬರೆದಿದ್ರೆ ಹುಷಾರು!

ಮೂರು: ಮೂರು ಸ್ಟಾರ್ ಕೊಟ್ಟವರನ್ನ ಓದಿ. ಪ್ಲಸ್ಸು, ಮೈನಸ್ಸು ಎರಡೂ ಅಲ್ಲಿ ಸಿಗುತ್ತೆ.

ಬರೀ ಹೊಗಳಿಕೆನೂ ನಂಬಬೇಡಿ. ನಕಲಿ ರಿವ್ಯೂಗಳಿಗೆ ಕಡಿವಾಣ ಹಾಕೋಕೆ ಅಂತಾನೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಅನ್ನೋ ಮಾನದಂಡ ತಂತು.

ಆರ್ಡರ್ ಮಾಡೋಕ್ ಮುಂಚೆ ಗುಬ್ಬಿಯ ರಿವೈಂಡಿಂಗ್ ಅಂಗಡೀಲಿ ಒಂದ್ಮಾತು ಕೇಳಿ: 'ಅಣ್ಣಾ, ಇದರ ಸ್ಪೇರ್ ಪಾರ್ಟ್ಸ್ ಇಲ್ಲಿ ಸಿಗುತ್ತಾ?'